ಮದುವೆ ಮುಗಿದ ಮೇಲೂ ಓಡಿದ ಕ್ಯಾಸೆಟ್ಟು

ಚಿಕ್ಕಪ್ಪನವರಿಗೆ,

ಮುಷ್ಕರ ಮುರಿದವರು ನೀವು. ಇಷ್ಟು ವರ್ಷ ಆ ಕಳಂಕ ಹೊತ್ತವರು ನನ್ನ ಅಪ್ಪ.

ನೀವು ಕೊಟ್ಟ ಅಕ್ಕನ ಮದುವೆಯ ವಿಡಿಯೊ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಕ್ಯಾಸೆಟ್ಟು ಓಡುವಷ್ಟು ಹೊತ್ತೂ ಕಾದು ಕೂರಬೇಕಾದ ಕೆಲಸವಿದು. ಉಡುಗೊರೆಯ ಸಾಲು ಕರಗಿ, ಅಕ್ಕ ಅತ್ತು, ಕಾರು ಹೊರಟ ಮೇಲೂ ಅದು ಓಡುತ್ತಲೇ ಇತ್ತು. ಪರದೆಯ ಮೇಲೆ ಒಂದಿಷ್ಟು ಗೆರೆಗಳು ಕುಣಿದವು. ಆಮೇಲೆ ಕಾರ್ಖಾನೆಯ ಗೇಟು, ಅದರ ಮುಂದೆ ಒಬ್ಬರೇ ನಿಂತ ಅಪ್ಪ, ಆಗಿನ ಸಂಘದ ಮುಖಂಡರು.

ಮುಷ್ಕರದ ಕ್ಯಾಸೆಟ್ಟಿನ ಮೇಲೆಯೇ ನೀವು ಮದುವೆಯನ್ನು ಚಿತ್ರಿಸಿದ್ದಿರಿ. ಆದರೆ ಮದುವೆ ಕ್ಯಾಸೆಟ್ಟಿಗಿಂತ ಚಿಕ್ಕದಾಗಿತ್ತು.

“ಕೆಲಸದಿಂದ ತೆಗೆದವರನ್ನ ಮೊದಲು ಒಳಗೆ ಕರ್ಕೊಳ್ಳಲಿ, ಆಮೇಲೆ ಒಪ್ಪಂದಕ್ಕೆ ಸಹಿ,” ಎನ್ನುತ್ತಾರೆ ಅಪ್ಪ.

ಕ್ಯಾಮೆರಾದ ಹಿಂದಿನಿಂದ ನಿಮ್ಮ ದನಿ: “ಗಂಟಲು ಒಣಗಿಸ್ಕೋಬೇಡ ಬಿಡಣ್ಣ. ನಿನ್ನ ಹೆಸರಲ್ಲಿ ನಾನೇ ಬೆಳಿಗ್ಗೆ ಸಹಿ ಹಾಕಿ ಬಂದೆ.”

ಟೀ ಅಂಗಡಿಯಲ್ಲಿ ಅಪ್ಪನನ್ನು ಇಂದಿಗೂ ‘ಸಹಿ ಸಾಹೇಬ್ರು’ ಎಂದೇ ಕರೆಯುತ್ತಾರೆ. ಅದನ್ನು ಕೇಳಿ ನೀವೂ ನಕ್ಕಿದ್ದನ್ನು ನಾನು ನೋಡಿದ್ದೇನೆ. ಶೋಷಕ ಹೊರಗಿನವನೆಂದೇ ನಾನು ಓದಿದ ಕರಪತ್ರಗಳೆಲ್ಲ ಹೇಳಿದ್ದವು. ಅವನು ನಮ್ಮ ಮನೆಯಲ್ಲೇ ಉಣ್ಣುತ್ತಾನೆಂದು ಯಾವುದೂ ಹೇಳಿರಲಿಲ್ಲ.

ಅಪ್ಪನಿಗೆ ತೋರಿಸಿದೆ. “ಅವತ್ತಿಂದ ನಂಗೆ ಗೊತ್ತೇ ಇತ್ತು. ಅಳಿಸ್ಬಿಡಮ್ಮಾ, ಎಷ್ಟಾದ್ರೂ ನನ್ನ ತಮ್ಮ,” ಎಂದರು. ಅಳಿಸುವುದು ನಿಮಗೆ ಒಗ್ಗಿದ ಕೆಲಸ, ನನಗಲ್ಲ.

ಮದುವೆಯ ಭಾಗವನ್ನು ನೀವು ಹೇಳಿದಂತೆಯೇ ಕತ್ತರಿಸಿ ಚೊಕ್ಕ ಮಾಡಿದ್ದೇನೆ. ಅಕ್ಕ ಚೆನ್ನಾಗಿ ಕಾಣುತ್ತಾಳೆ. ಬರುವಾಗ ಪೆನ್‌ಡ್ರೈವ್ ತನ್ನಿ. ಉಳಿದ ಭಾಗಕ್ಕೆ ನಾನು ಕತ್ತರಿ ಹಾಕಿಲ್ಲ. ಅದನ್ನು ಸಂಘದ ಕೋಣೆಯ ಗೋಡೆಯ ಮೇಲೆ ಎಲ್ಲರಿಗೂ ತೋರಿಸುತ್ತೇನೆ. ಅಪ್ಪನ ಪಕ್ಕದ ಕುರ್ಚಿ ನಿಮಗಾಗಿ ಖಾಲಿ ಇರುತ್ತದೆ. ಭಾನುವಾರ ಸಂಜೆ ಐದು ಗಂಟೆಗೆ ಬನ್ನಿ.

ಇತಿ,
ನಿಮ್ಮ ಅಣ್ಣನ ಮಗಳು