ಮೊದಲ ಅರ್ಜಿ ಯಾವುದೆಂದು ನೀನು ಕೇಳಿದ್ದೆ

ತಂಗಿ ಕೆಂಚಮ್ಮನಿಗೆ,

ಹೊಸದುರ್ಗದಿಂದ ನಿನ್ನ ಅಣ್ಣ ಈರಣ್ಣನು ಅರಿಕೆ ಮಾಡಿಕೊಳ್ಳುವುದೇನೆಂದರೆ, ನೀನು ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ಇಷ್ಟು ದಿನವೂ ನನಗೆ ಅಳು ಬಂದಿಲ್ಲ. ಹೊತ್ತಿಗೆ ಸರಿಯಾಗಿ ಉಂಡಿದ್ದೇನೆ. ತಾಲ್ಲೂಕು ಕಚೇರಿಯ ಮುಂದಿನ ನನ್ನ ಮೇಜಿಗೆ ಹೋಗಿ, ಪಹಣಿ ತಿದ್ದುಪಡಿಗೂ ವೃದ್ಧಾಪ್ಯ ವೇತನಕ್ಕೂ ಎಂದಿನಂತೆ ಜನರಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ನಿನ್ನ ಸಾವು ಬೇರೆ ಯಾರದೋ ಮನೆಯ ಸುದ್ದಿಯಂತೆ ದೂರದಲ್ಲಿ ನಿಂತಿದೆ. ಹೀಗಾಗಬಹುದೇ? ಒಡಹುಟ್ಟಿದವಳು ಹೋದರೆ ಮನುಷ್ಯನಿಗೆ...

ಹೊಳಲ್ಕೆರೆಯಲ್ಲಿ ನೀನು ಬಟ್ಟೆ ಹೊಲಿಯುತ್ತಿದ್ದ ಮಳಿಗೆಯ ಮಹಡಿಯಲ್ಲಿ ಕೇಬಲ್ ಟಿ.ವಿ.ಯ ಕಚೇರಿ ಇತ್ತು. ಪ್ರಕಟಣೆ ಓದುವವಳು ಬಾರದ ಒಂದು ದಿನ ನಿನ್ನನ್ನು ಕರೆದು ಕೂರಿಸಿದರು. ಕಳೆದುಹೋದ ಎಮ್ಮೆಯೊಂದರ ಗುರುತುಗಳನ್ನು ನೀನು ಓದಿ ಮುಗಿಸಿದೆ. ಅಷ್ಟಕ್ಕೇ ಬಿಡದೆ, "ಸಿಕ್ಕಿದೋರು ಹಾಲು ಕರ್ಕಂಡಿದ್ರೂ ಪರವಾಗಿಲ್ಲ, ಎಮ್ಮೆ ಮಾತ್ರ ಹೊಡ್ಕಂಡು ಬರ್ರಿ" ಎಂದೆ. ಸಂಜೆಯೊಳಗೆ ಎಮ್ಮೆ ಬಂತು. ಮರುವಾರದಿಂದ ಆ ಕುರ್ಚಿ ನಿನ್ನದಾಯಿತು. ಏಳನೆಯ ತರಗತಿಗೆ ಓದು ನಿಂತವಳು, ಮುಂದೆ ಚಿತ್ರದುರ್ಗದ ವಾಹಿನಿಯಲ್ಲಿ 'ಕುಂತ್ಕಂಡು ಮಾತಾಡಾಣ' ಕಾರ್ಯಕ್ರಮ ನಡೆಸುವ ಕೆಂಚಕ್ಕನಾದದ್ದು ಆ ಎಮ್ಮೆಯ ದೆಸೆಯಿಂದ.

ತುರುವನೂರಿನ ಕಡೆಯಿಂದ ಬಂದಿದ್ದ ಕುರಿಗಾಹಿಯೊಬ್ಬ ಕ್ಯಾಮೆರಾ ನೋಡಿ ಬಾಯಿ ಕಟ್ಟಿಹೋಗಿ ಕುಳಿತ ದಿನ ನಾನು ಸ್ಟುಡಿಯೋದಲ್ಲಿದ್ದೆ. "ಏನಪ್ಪ, ಕುರಿ ಹತ್ರಾನೂ ಹಿಂಗೇ ಮೂಕಾಗಿರ್ತೀಯೇನು?" ಎಂದು ನೀನು ಕೇಳಿದೆ. "ಕುರಿ ಹಿಂಗೆಲ್ಲ ಪ್ರಶ್ನೆ ಕೇಳಲ್ಲ ಬಿಡವ್ವ" ಎಂದ. ಆಮೇಲೆ ಮುಕ್ಕಾಲು ಗಂಟೆ ಅವನನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಹೊರಗೆ ಬಂದ ಮೇಲೆ, ಟಿ.ವಿ.ಯಲ್ಲಿ ಇಷ್ಟು ಸಲಿಗೆಯ ಮಾತು ಸಲ್ಲದು ಎಂದು ನಾನು ಆಕ್ಷೇಪಿಸಿದೆ. ನೀನು ನಕ್ಕೆ. "ಅಣ್ಣ, ನೀನು ಬರೆಯೋದು ಸಾಹೇಬ್ರಿಗೆ. ನಾನು ಮಾತಾಡೋದು ಅವರವ್ವನ ಜತೆಗೆ."

ಕಳೆದ ವರ್ಷ ನನ್ನನ್ನೇ ಅತಿಥಿಯಾಗಿ ಕರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರ್ಜಿ ಬರಹಗಾರನಾಗಿ ನಾನು ಸಲ್ಲಿಸಿದ ಸೇವೆಯ ವಿವರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನೀನು ಅದೊಂದನ್ನೂ ಕೇಳಲಿಲ್ಲ. "ಅಣ್ಣ, ನೀನು ಬರೆದ ಮೊದಲ್ನೇ ಅರ್ಜಿ ಯಾವ್ದು?" ಎಂದೆ. ನಮ್ಮೂರು ಮತ್ತೋಡಿಗೆ ಬೋರ್‌ವೆಲ್ ಕೊರೆಸಿಕೊಡುವಂತೆ ಬರೆದದ್ದು ಎಂದು ಹೇಳಿದೆ. ನೀನು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದೆ. ನಾನು ಹೇಳಿದ್ದು ಸುಳ್ಳು, ತಂಗಿ. ನಿನಗೆ ಅನುಮಾನವೇನಾದರೂ ಇತ್ತೇ?

ಅವ್ವ ತೀರಿಕೊಂಡ ವರ್ಷ ನೀನು ಏಳನೆಯ ತರಗತಿಯಲ್ಲಿದ್ದೆ, ನಾನು ಹತ್ತನೆಯದರಲ್ಲಿ. ಅಪ್ಪ ಕುರಿಮಂದೆಯೊಂದಿಗೆ ದೂರದ ಹೊಲಗಳಲ್ಲಿ ಇರುತ್ತಿದ್ದರು. ನಾವಿಬ್ಬರೂ ಶಾಲೆಗೆ ಹೋದರೆ ಮುದ್ದೆ ಬೇಯಿಸುವವರಿರಲಿಲ್ಲ, ನೀರು ತರುವವರಿರಲಿಲ್ಲ. ನನಗೆ ಪರೀಕ್ಷೆ ಪಾಸಾಗಬೇಕಿತ್ತು. ಶಾಲೆಯ ಗುಮಾಸ್ತರಲ್ಲಿದ್ದ ಹಳೆಯ ಅರ್ಜಿಯೊಂದನ್ನು ನೋಡಿಕೊಂಡು ಅಕ್ಷರಕ್ಕಕ್ಷರ ನಕಲು ಮಾಡಿದೆ: 'ಗೃಹಕೃತ್ಯದ ಅನಾನುಕೂಲತೆಯ ನಿಮಿತ್ತ ನನ್ನ ಮಗಳನ್ನು ಶಾಲೆಯಿಂದ ಬಿಡಿಸಿಕೊಳ್ಳಲು ಅಪ್ಪಣೆಯಾಗಬೇಕಾಗಿ ಪ್ರಾರ್ಥನೆ.' ಅದನ್ನು ಹಿಡಿದು ಮಂದೆ ಇದ್ದಲ್ಲಿಗೆ ನಡೆದುಹೋದೆ. "ಏನ್ ಕಾಗ್ದನಪ್ಪ ಇದು?" ಎಂದು ಅಪ್ಪ ಕೇಳಿದರು. "ಸ್ಕಾಲರ್‌ಶಿಪ್ಪಿಂದು" ಎಂದೆ. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಕಂಬಳಿಗೆ ಒರೆಸಿಕೊಂಡರು. ಮುಖ್ಯೋಪಾಧ್ಯಾಯರು ಕಾಗದ ಓದಿ, "ಲೇ, ಯಾರು ಬರ್ದಿದ್ದು ಇದು? ಭೇಷಾಗೈತೆ" ಎಂದರು. ಆ ಮೆಚ್ಚುಗೆಯನ್ನೇ ನಂಬಿ ಜೀವನವಿಡೀ ಅರ್ಜಿ ಬರೆದೆ.

ಅಪ್ಪ ಮಂದೆಯಿಂದ ಮನೆಗೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆಯಲ್ಲ, ನೆನಪಿದೆಯೇ? "ನನ್ನ ಯಾಕೆ ಸ್ಕೂಲ್ ಬಿಡ್ಸಿದೆ?" ಅಪ್ಪ ನಿನ್ನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಲೆಯ ಮುಂದೆ ಕುಳಿತಿದ್ದ ನಾನು ತಲೆ ತಗ್ಗಿಸಿದೆ. "ನಾನೇ ಬಿಡ್ಸಿದೆ ಕಣವ್ವ, ಮನೇಲಿ ಕೆಲ್ಸ ಐತಲ್ಲ" ಎಂದರು. ನನ್ನನ್ನು ಬೈಯಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಯಾಕೆ ಹಾಗೆ ಹೇಳಿದರು? ಕೇಳಬಹುದಾಗಿದ್ದ ಕಾಲದಲ್ಲಿ ನಾನು... ನೀನು ಅಂದಿನಿಂದ ಅವರಿಗೆ ಅನ್ನ ಬಡಿಸಿದೆ, ಮಾತಾಡಿಸಲಿಲ್ಲ. ಅವರು ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಹೊಳಲ್ಕೆರೆಯಿಂದ ಬಂದು ಹೊಸ್ತಿಲಲ್ಲಿ ನಿಂತು ಹೋದೆ. "ಕೆಂಚವ್ವ ಒಳಗೆ ಬಂದ್ಲಾ?" ಎಂದು ಅವರು ಎರಡು ಸಲ ಕೇಳಿದರು. ಜಿಲ್ಲೆಯ ಜನರನ್ನೆಲ್ಲ ಮಾತಾಡಿಸಿದ ನೀನು ಅವರೊಬ್ಬರನ್ನು ಮಾತಾಡಿಸದೆ ಉಳಿದೆ. ಅದಕ್ಕೆ ಕಾರಣನಾದವನು ಆ ಹೊತ್ತಿನಲ್ಲೂ ಪಕ್ಕದಲ್ಲೇ ಕುಳಿತಿದ್ದ.

ನಿನ್ನ ನೆನಪಿಗೆ ಹಳೆಯ ಸಂಚಿಕೆಗಳನ್ನು ಮತ್ತೆ ತೋರಿಸುತ್ತಿದ್ದಾರೆ; ನಾನು ಬಂದಿದ್ದ ಸಂಚಿಕೆಯನ್ನೂ ಹಾಕಬಹುದೇ ಎಂದು ಹೋದ ವಾರ ವಾಹಿನಿಯವರು ಫೋನಿನಲ್ಲಿ ಕೇಳಿದರು. ಹಾಕಬೇಡಿ ಎಂದು ಹೇಳಿ, ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಹೋದೆ. ಒಂದು ಪ್ರಶ್ನೆಗೆ ಮತ್ತೆ ಉತ್ತರ ಕೊಡುವುದಿದೆ ಎಂದೆ. ಈಗ ನಿನ್ನ ಜಾಗದಲ್ಲಿ ಕೂರುವ ಹೆಣ್ಣುಮಗಳು ಅದನ್ನೇ ಕೇಳಿದಳು. ಗುಮಾಸ್ತರ ಮಾದರಿ, ಸ್ಕಾಲರ್‌ಶಿಪ್ಪಿನ ಸುಳ್ಳು, ಅಪ್ಪ ನನ್ನನ್ನು ನೋಡಿದ್ದು, ಎಲ್ಲವನ್ನೂ ಹೇಳಿದೆ. ಅವಳು, "ಇದನ್ನ ಕಟ್ ಮಾಡಾಣೇನು ಸಾರ್?" ಎಂದಳು. "ಬ್ಯಾಡಮ್ಮ, ಹಂಗೇ ಬಿಡು" ಎಂದೆ.

ಮೊನ್ನೆ ಭಾನುವಾರ ಸಂಜೆ ಅದು ಪ್ರಸಾರವಾಯಿತು. ಮತ್ತೋಡಿನಿಂದ ನಮ್ಮ ಚಿಕ್ಕಮ್ಮ ಫೋನು ಮಾಡಿ, "ಥೂ, ಎಂಥ ಅಣ್ಣನೋ ನೀನು. ನಿಮ್ಮಪ್ಪನ್ನ ಸುಮ್ಸುಮ್ನೆ ಬೈಕಂಡ್ವಲ್ಲೋ" ಎಂದು ಇಟ್ಟುಬಿಟ್ಟರು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಹಗುರವಾಯಿತು ಎಂದು ಬರೆದರೆ ಅದೂ ಸುಳ್ಳಾದೀತು.

ಊರಿಗೆಲ್ಲ ತಿಳಿದದ್ದು ನಿನಗೊಬ್ಬಳಿಗೆ ತಿಳಿಯದೆ ಉಳಿಯಬಾರದೆಂದು ಬರೆದಿದ್ದೇನೆ. ನಿನ್ನ ಓದು ಬಿಡಿಸಿದವನು ನಾನು. ನೀನಿರುವ ಕಡೆ ಅಪ್ಪನೂ ಇದ್ದರೆ, ಒಳಗೆ ಹೋಗಿ ಮಾತಾಡಿಸವ್ವ.

ನಿನ್ನ ಅಣ್ಣ,
ಈರಣ್ಣ