ನಾಲ್ಕು ವಾಟಿನ ಸತ್ಯ

ಕ್ವಿಲ್ಪಿ ಹತ್ತಿರದ ನಮ್ಮ ಕುರಿಹಟ್ಟಿ, ಕ್ವೀನ್ಸ್‌ಲ್ಯಾಂಡ್
೨೨ ಮಾರ್ಚ್ ೧೯೮೧

ಪ್ರೀತಿಯ ಲಿನೆಟ್,

ನೆಗಡಿ ಇಳಿಯಿತೇ? ಟೀಚರ್ ಟ್ರೈನಿಂಗ್ ಹಾಸ್ಟೆಲಿನಲ್ಲಿ ಇನ್ನೂ ಆ ಬೂದು ಬಣ್ಣದ ಮಟನ್ ಸಾರೇ ಬಡಿಸುತ್ತಾರೆಯೇ? ನಿನ್ನಜ್ಜಿ ವಿನಿ ಕ್ಷೇಮ. ದಿಂಬಿಗೊರಗಿ, ಈ ಕಾಗದದಲ್ಲಿ ನಾನೆಷ್ಟು ಸುಳ್ಳು ಬರೆಯುತ್ತೇನೆಂದು ಕಾಯುತ್ತಿದ್ದಾಳೆ. ಹಾಸಿಗೆ ಯಾಕೆಂದು ಗಾಬರಿಯಾಗಬೇಡ. ಕಂಟಕ ಕಳೆದಿದೆ, ಕ್ರಮವಾಗಿ ಹೇಳುತ್ತೇನೆ.

ಷೆಡ್ಡಿನ ನನ್ನ ದೊಡ್ಡ ರೇಡಿಯೋ ನಿನಗೆ ಗೊತ್ತೇ ಇದೆ. ಅದಕ್ಕೆ ಸರ್ಕಾರ ದಯಪಾಲಿಸಿದ ಮಿತಿ ನಾಲ್ಕು ವಾಟ್. ದನಿ ದೂರ ಹೋಗಲೆಂದು ನಾನು ಕದ್ದು ಜೋಡಿಸಿದ ಕಳ್ಳಪೆಟ್ಟಿಗೆ ನಾನೂರು ವಾಟ್. ಅದನ್ನು ಹಚ್ಚಿದರೆ ಅಡುಗೆಮನೆಯ ದೀಪ ಮಂಕಾಗುತ್ತಿತ್ತು, ಅಜ್ಜಿಯ ಟೇಪ್‌ರೆಕಾರ್ಡರಿನೊಳಗಿಂದ ನಾನೇ ಮಾತಾಡುತ್ತಿದ್ದೆ. ದೂರದ ಊರಿನವರ ಜೊತೆ ಮಾತಾದಾಗಲೆಲ್ಲ ಅಂಚೆಯಲ್ಲಿ ಸಾಕ್ಷಿಯ ಕಾರ್ಡು ಕಳಿಸುವುದು ನಮ್ಮ ರೇಡಿಯೋ ಕೂಟದ ಪದ್ಧತಿ. ನಾನು ಕಳಿಸಿದ ಇನ್ನೂರ ಹನ್ನೊಂದು ಕಾರ್ಡಿನಲ್ಲೂ 'ಶಕ್ತಿ' ಎಂಬಲ್ಲಿ ನಾಲ್ಕು ವಾಟ್ ಎಂದೇ ಬರೆದಿದ್ದೆ. ಎಲ್ಲರೂ ಹಾಗೇ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ನೀನೊಬ್ಬಳೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದು: "ತಾತ, ಮಾತನ್ನ ದೂರ ಒಯ್ಯೋದು ಆಕಾಶ ಕಣೋ, ನಿನ್ನ ಪೆಟ್ಟಿಗೆ ಅಲ್ಲ."

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅಜ್ಜಿ ಹಿಟ್ಟು ನಾದುತ್ತಿದ್ದವಳು ಎದೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ತುಟಿ ನೀಲಿ. ಅದಕ್ಕೆ ಎರಡು ದಿನ ಮುಂಚೆ ಹೊಳೆ ಉಕ್ಕಿ ರಸ್ತೆಯನ್ನೂ ಫೋನಿನ ಕಂಬವನ್ನೂ ಕೊಚ್ಚಿಕೊಂಡು ಹೋಗಿತ್ತು. ನಾನು ಷೆಡ್ಡಿಗೆ ಓಡಿ, ವೀರಾವೇಶದಿಂದ ಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಪೆಟ್ಟಿಗೆಯಿಂದ ಹೊಗೆ ಬಂತು, ಜನರೇಟರ್ ಎರಡು ಸಲ ಕೆಮ್ಮಿ ನಿಂತಿತು. ನಾನೂರು ವಾಟ್ ಸ್ವರ್ಗಸ್ಥವಾಯಿತು, ದೊಡ್ಡ ರೇಡಿಯೋವನ್ನೂ ಜೊತೆಗೆ ಕರೆದುಕೊಂಡು. ಅಲ್ಲೇ ನಿಂತು ಜನರೇಟರನ್ನು ಬಯ್ಯುತ್ತಿದ್ದೆ. ಅಡುಗೆಮನೆಯಿಂದ ಕ್ಷೀಣವಾಗಿ ಕೇಳಿಸಿತು: "ಏ ಮುದುಕಾ, ಅರಚೋದು ಬಿಡು. ಮಗುವಿನ ರೇಡಿಯೋ ಪಿಕಪ್ ಗಾಡೀಲಿದೆಯಲ್ಲ."

ನೀನು ಪಿಕಪ್ಪಿಗೆ ಹಾಕಿಹೋದ ಆ ನಾಲ್ಕೇ ವಾಟಿನ ಪುಟ್ಟ ರೇಡಿಯೋವನ್ನು ನಾನು ಆಟಿಕೆ ಅಂತ ನಕ್ಕಿದ್ದೆ, ನೆನಪಿದೆಯೇ? ಅದರಲ್ಲಿ ಕೂಗಿದೆ. ಇಪ್ಪತ್ತು ಕಿಲೋಮೀಟರ್ ದೂರದ ಪಕ್ಕದ ಮನೆಯ ಡಗಲ್‌ಗೆ ಕೇಳಲಿಲ್ಲ. ನಮ್ಮ ರೇಡಿಯೋ ಕೂಟದ ಮಾತಿನಲ್ಲಿ ಆವತ್ತು ಆಕಾಶ ತೆರೆದಿತ್ತು, ಅಂದರೆ ದನಿಯನ್ನು ಚೆಂಡಿನಂತೆ ದೂರಕ್ಕೆ ಪುಟಿಸುವ ದಿನ. ದೂರದೂರದ ದನಿಗಳೆಲ್ಲ ಬಂದಿಳಿದು, ಅವನ ರೇಡಿಯೋ ಸಂತೆಯಾಗಿತ್ತಂತೆ. ನನ್ನ ಮಾತು ಅವನ ತಲೆಯ ಮೇಲಿಂದ ಹಾರಿ, ಮೇಲೆ ಆಕಾಶಕ್ಕೆ ಬಡಿದು, ಸಾವಿರದೆಂಟುನೂರು ಕಿಲೋಮೀಟರ್ ಆಚೆ ಹೋಬಾರ್ಟಿನಲ್ಲಿ ಇಳಿಯಿತು. ಗಂಡನ ಮೀನುದೋಣಿಗೆಂದು ರೇಡಿಯೋ ಹಚ್ಚಿಟ್ಟುಕೊಂಡಿದ್ದ ಬೆರಿಲ್ ಎಂಬ ಹೆಂಗಸು ಉತ್ತರಿಸಿದಳು. ನಾನು ಅಭ್ಯಾಸಬಲದಿಂದ ಮೊದಲು "ನನ್ನ ದನಿ ಹೇಗೆ ಬರ್ತಿದೆ?" ಅಂದೆ. "ಅಣ್ಣಾ, ದನಿ ಹಾಳಾಗಲಿ, ಹೆಂಡತಿಗೇನಾಗಿದೆ ಅದನ್ನ ಹೇಳು" ಅಂದಳು. ಅವಳೇ ಕ್ವೀನ್ಸ್‌ಲ್ಯಾಂಡಿಗೆ ಫೋನು ಮಾಡಿ ವೈದ್ಯರ ವಿಮಾನ ಹೊರಡಿಸಿದಳು. ದಿಬ್ಬದ ಮೇಲಿನ ನಮ್ಮ ವಿಮಾನಪಟ್ಟಿಯಲ್ಲಿ ಅದು ಇಳಿಯುವವರೆಗೂ, "ಅವಳ ಕೈ ಹಿಡ್ಕೊಂಡಿದ್ದೀಯಾ? ಹೋಗಿ ಹಿಡ್ಕೊಂಡು ಬಾ" ಎಂದು ಹತ್ತು ನಿಮಿಷಕ್ಕೊಮ್ಮೆ ನನ್ನನ್ನು ಓಡಿಸಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ನಿನ್ನೆ ಅದೇ ವಿಮಾನದಲ್ಲಿ ತಂದುಬಿಟ್ಟರು.

ಆ ಹೆಂಗಸಿಗೆ, ಆ ಆಕಾಶಕ್ಕೆ, ನಿನ್ನ ಆ ಆಟಿಕೆಗೆ ನಾನು ಹೇಗೆ ಕೃತಜ್ಞತೆ ಹೇಳಲಿ, ಮಗಳೇ? ಕಳ್ಳಪೆಟ್ಟಿಗೆಯ ಒಡಲು ಬಗೆದು ಹುಲ್ಲು ಹಾಸಿದ್ದೇನೆ. ಕಂದು ಕೋಳಿ ಮೊಟ್ಟೆಗೆ ಕೂತಿದೆ. ಆ ಪೆಟ್ಟಿಗೆಯಿಂದ ಈವರೆಗೆ ಆದ ಉಪಕಾರ ಅದೊಂದೇ ಎನ್ನುತ್ತಾಳೆ ಅಜ್ಜಿ.

ಚೆನ್ನಾಗಿ ಓದು, ಬೆಚ್ಚಗಿರು. ಅಜ್ಜಿಯ ಮುತ್ತು ಎರಡು, ನನ್ನದು ಒಂದು. ಈ ಲೆಕ್ಕ ಅವಳದ್ದೇ.

ಇಂತು ನಿನ್ನ ತಾತ,
ಆಂಬ್ರೋಸ್

ಮರೆತೆ, ಟಪಾಲಿನವನು ತೆಪ್ಪದಲ್ಲಿ ಬಂದು ನಿಂತಿದ್ದಾನೆ: ಬೆರಿಲ್‌ಗೆ ಕಳಿಸುವ ಕಾರ್ಡು ಇದರೊಳಗಿದೆ. ರೇಡಿಯೋ ನಿನ್ನದು, ಸಹಿಯೂ ನಿನ್ನದೇ ಆಗಬೇಕು. ಹಾಕಿ ಅಂಚೆಗೆ ಕೊಡು. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. 'ಶಕ್ತಿ' ಎಂಬಲ್ಲಿ ನಾಲ್ಕು ವಾಟ್ ಎಂದು ಬರೆಯುವಾಗ ಪೆನ್ನು ದಾರಿ ತಪ್ಪಿತು. ಅಲ್ಲಿ ನಿಜ ಬರೆದು ಅಭ್ಯಾಸವಿರಲಿಲ್ಲ.