ಭಂಡಾರ ಹಚ್ಚಿದ ಕಲ್ಲು

ಕಾರವಾರದ ಕಡೆಯಿಂದ, 12-2-1989

ಅವ್ವಾ, ಓದಿ ಹೇಳುವ ಮುರಗೆಪ್ಪ ಕಾಕಾನಿಗೆ ಮೊದಲು ಚಹಾ ಕೊಡು, ಆಮೇಲೆ ಕೇಳು.

ಇಲ್ಲಿ ಸಮುದ್ರ ಒಳಗೆ ಬಾಗಿ ಬಂದು ನಮ್ಮ ಅಕ್ಕೋಳದ ಕಣದಂತೆ ದುಂಡಗೆ ನಿಂತಿದೆ. ಅದಕ್ಕೆ ಕಲ್ಲು ಮಣ್ಣು ತುಂಬಿ ಬಂದರು ಕಟ್ಟುತ್ತಾರಂತೆ. ಅದಕ್ಕೆ ಅಳತೆಯ ಕಲ್ಲು ನೆಡುವುದೇ ನನ್ನ ಕೆಲಸ. ಮೀನು ಮಾರುವ ಹೆಂಗಸರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕುಳಿತು, ಇಪ್ಪತ್ತು ದಿನ ದಾರಿ ಬಿಡಲಿಲ್ಲ. ಹೋದ ವಾರ ಪೊಲೀಸರ ಜೊತೆ ಹೋಗಿ ಮೊದಲ ಕಲ್ಲು ನೆಟ್ಟೆ. ಅಪ್ಪ ಬದುವಿಗೆ ಕಲ್ಲಿಟ್ಟಾಗಲೆಲ್ಲ ನೀನು ಭಂಡಾರದ ಅರಿಶಿನ ಹಚ್ಚಿ ಕೈಮುಗಿಯುತ್ತಿದ್ದೆ. ಅದೇ ರೂಢಿಯಲ್ಲಿ, ನೀನು ಕಟ್ಟಿಕೊಟ್ಟ ಕೊಕಟನೂರ ಎಲ್ಲಮ್ಮನ ಭಂಡಾರವನ್ನು ಕಲ್ಲಿಗೆ ಹಚ್ಚಿಬಿಟ್ಟೆ.

ಮರುದಿನ ಬೆಳಿಗ್ಗೆ ನೋಡಿದರೆ ಕಲ್ಲಿಗೆ ಹಸಿರು ಸೀರೆ, ಹೂವು, ತೆಂಗಿನಕಾಯಿ! ಒಬ್ಬ ಮುದುಕಿ ನಮ್ಮ ಸಾಹೇಬರಿಗೆ, "ದೇವೀನ ತಂದು ಕೂರ್ಸಿದ್ದು ನಿಮ್ಮ ಆಳೇ. ಅವಳ ಮುಂದಿನ ನೀರು ಮುಚ್ಚೂಕೆ ಬಿಡೂದಿಲ್ಲ" ಎಂದಳು. ಕೂಲಿಯವರು ಯಾರೂ ಕಲ್ಲು ಮುಟ್ಟಲೊಲ್ಲರು. ಸಾಹೇಬರು ನನ್ನ ಮೇಲೆ ಹರಿಹಾಯ್ದರು.

"ಯಾರಲೇ ನಿನಗ ಪೂಜಿ ಮಾಡು ಅಂದಾವ್ರು?"

"ನಮ್ಮವ್ವರಿ" ಎಂದೆ.

ನೆಗಡಿ ವಾಸಿಯಾಗಿದೆ. ನಾನು ಮೀನು ಒಲ್ಲೆ ಎಂದದ್ದಕ್ಕೆ ಆ ಮುದುಕಿಯೇ ಗಂಜಿ ಕೊಡುತ್ತಾಳೆ. ನೀನು ರೊಟ್ಟಿ ಬಡಿಯುವ ಸಪ್ಪಳ ಕೇಳದೆ ಎರಡು ತಿಂಗಳಾಯಿತು. ಅಲೆಯ ಸದ್ದಿನಲ್ಲಿ ಅದನ್ನೇ ಹುಡುಕುತ್ತೇನೆ.

ಕಾಗದದಲ್ಲಿ ಜಾಗ ಮುಗಿಯಿತು. ಇನ್ನೂ ಹನ್ನೊಂದು ಕಲ್ಲು ನೆಡುವುದಿದೆ. ಭಂಡಾರ ತೀರಿದೆ. ದೊಡ್ಡ ಪೊಟ್ಟಣವನ್ನೇ ಕಳಿಸು, ಬೇಗ.

ನಿನ್ನ ಭೀಮಸಿ